ಅರಿಶಿನ ದಾರದ ಹೀರೇಕಾಯಿ

ಈಗ ದಾನದ ವಿಷಯಕ್ಕೆ ಬಂದ್ವಿ. ದಾನ ಅಂದ ತಕ್ಷಣ ಹಿಂದೆ ಕೂತಿರೋ ನಾಲ್ಕು ಜನ ಚಪ್ಪಲಿ ಎಲ್ಲಿದೆ ಅಂತ ನೋಡ್ಕೊಂಡ್ರಿ. ನಾನು ನೋಡಿದೆ. ಹೆದರಬೇಡಿ ಸ್ವಾಮಿ, ಇವತ್ತು ಹುಂಡಿ ತಿರುಗಿಸಲ್ಲ. ಕಥೆ ಹೇಳ್ತೀನಿ. ಕಥೆಗೆ ರಸೀದಿ ಇಲ್ಲ.

ಒಂದು ಊರು ಅಂತ ಇಟ್ಕೊಳ್ಳಿ. ಊರು ಅಂದ್ಮೇಲೆ ಅಲ್ಲೊಬ್ಬ ಸಾಹುಕಾರ ಇರಲೇಬೇಕಲ್ಲ, ಇದ್ದ. ನಮ್ಮೂರಲ್ಲ. ಯಾರೂ ಯಾರ ಮುಖಾನೂ ನೋಡಬೇಡಿ. ಬೇರೆ ಊರು.

ಸಾಹುಕಾರನ ಮನೆ ಮುಂದೆ ವಿಶಾಲವಾದ ಜಾಗ. ಶಿವರಾತ್ರಿ ಕಳೀತಿದ್ದ ಹಾಗೇ ಅಗೆಸಿದ, ಗೊಬ್ಬರ ಹಾಕಿಸಿದ, ಚಪ್ಪರ ಹಾಕಿಸಿದ. ಎಂಟು ಹೀರೇಕಾಯಿ ಬಳ್ಳಿ. ನಲವತ್ತು ಬೆಂಡೆ ಗಿಡ. ಒಂದು ಸಾಲು ಹುರುಳಿಕಾಯಿ, ಒಂದು ಸಾಲು ಬದನೆ, ಎಳೆಸೌತೆ. ಬೇಲಿ ಉದ್ದಕ್ಕೂ ಚೆಂಡುಹೂ, ಬಾಗಿಲ ಎರಡೂ ಕಡೆ ಕನಕಾಂಬರ. ದಾರೀಲಿ ಹೋಗೋರು ನಿಂತು ನೋಡಬೇಕು, ನೋಡಿ 'ಆಹಾ' ಅನ್ನಬೇಕು. ಅನ್ನದೇ ಹೋದೋರನ್ನ ಇವನೇ ಕರೆದು, 'ಏನು, ಕಣ್ಣಿಗೆ ಪೊರೆ ಬಂದಿದ್ಯಾ?' ಅಂತ ವಿಚಾರಿಸ್ತಿದ್ದ. ಅದು ತೋಟ ಅಲ್ಲ ತಾಯಂದಿರೇ, ನೋಟ. ಬರೀ ನೋಟ.

ಆ ಊರಿಗೆ ವೈಶಾಖದ ಹುಣ್ಣಿಮೆಗೆ ಸ್ವಾಮಿಗಳು ಬರೋರಿದ್ರು. ಪಾದಪೂಜೆ, ನಲವತ್ತು ಜನಕ್ಕೆ ಊಟ. ಅದಕ್ಕೆ ಮಠದಲ್ಲಿ ಸಭೆ ಸೇರಿತು. ಒಬ್ಬ ಎದ್ದು 'ಅಕ್ಕಿ ನಂದು' ಅಂದ. ಇನ್ನೊಬ್ಬ 'ಹಾಲು, ಮೊಸರು ನಮ್ಮನೇದು' ಅಂದ. ಚಪ್ಪಾಳೆ ಬಿತ್ತು. ಚಪ್ಪಾಳೆ ಕೇಳಿದ್ರೆ ನಮ್ಮ ಸಾಹುಕಾರನಿಗೆ ಸುಮ್ನೆ ಕೂರೋಕಾಗುತ್ಯೇ? ಎದ್ದ. ಶಲ್ಯ ಸರಿ ಮಾಡ್ಕೊಂಡ.

'ತರಕಾರಿ ಪೂರ್ತಿ ನಮ್ಮನೆ ತೋಟದ್ದು. ಪಾದಪೂಜೆ ಹೂವೂ ನಮ್ದೇ. ಐದು ಬಗೆ ತರಕಾರಿ ಅಡಿಗೆ. ಪೇಟೆಯಿಂದ ಒಂದು ಎಸಳು ಕರಿಬೇವೂ ಒಳಗೆ ಬರಕೂಡದು!'

ದೊಡ್ಡ ಚಪ್ಪಾಳೆ. ಮನೆಗೆ ಬಂದವನೇ ಏನು ಮಾಡಿದ ಗೊತ್ತಾ?

ನೋಡಿ, ನಮ್ಮಲ್ಲಿ ಒಂದು ಪದ್ಧತಿ ಇದೆ. ಬಳ್ಳೀಲಿ ಮೊದಲು ಬಿಟ್ಟ ಕಾಯಿ ದೇವರಿಗೆ ಮೀಸಲು. ಅದಕ್ಕೊಂದು ಅರಿಶಿನದ ದಾರ ಕಟ್ತೀವಿ, ಯಾರೂ ಮುಟ್ಟದೇ ಇರ್ಲಿ ಅಂತ. ಒಳ್ಳೇ ಪದ್ಧತಿ. ಇವನೂ ಕಟ್ಟಿದ. ಮೊದಲನೇ ಹೀರೇಕಾಯಿಗೆ ಕಟ್ಟಿದ. ಎರಡನೇದು ಇನ್ನೂ ಚೆನ್ನಾಗಿತ್ತು, ಅದಕ್ಕೂ ಕಟ್ಟಿದ. ಮೂರನೇದು ಬೇಜಾರು ಮಾಡ್ಕೊಳ್ಳಲ್ವೇ? ಅದಕ್ಕೂ ಕಟ್ಟಿದ. ಬೆಂಡೆಗೆ ಕಟ್ಟಿದ, ಬದನೆಗೆ ಕಟ್ಟಿದ. ಹೂವನ್ನಂತೂ ಹೆಂಡ್ತಿ ಮುಡಿಗೂ ಕೀಳೋ ಹಾಗಿಲ್ಲ. ಸ್ವಾಮಿಗಳು ಬಂದಾಗ ಗಿಡದ ತುಂಬ ಇರಬೇಕು. ಇನ್ನೂ ಒಂದು ತಿಂಗಳು, ಒಂದು ಕಾಯಿ ಕುಯ್ಯೋ ಹಾಗಿಲ್ಲ. ಎಲ್ಲಾ ಮೀಸಲು.

ಅವನ ಹೆಂಡ್ತಿ ಪಾಡು ಕೇಳಬೇಡಿ. ತೋಟದ ತುಂಬ ಕಾಯಿ, ತಟ್ಟೆ ತುಂಬ ನೀರುಸಾರು. ಪೇಟೆಯಿಂದ ತರೋಣ ಅಂದ್ರೆ ಅದೂ ಇಲ್ಲ. ಇಷ್ಟು ದೊಡ್ಡ ತೋಟದ ಯಜಮಾನ ಚೀಲ ಹಿಡ್ಕೊಂಡು ತರಕಾರಿ ಅಂಗಡಿ ಮುಂದೆ ನಿಂತ್ರೆ ಜನ ನಗಲ್ವೇ?

'ರೀ, ಎರಡು ವಾರದಿಂದ ಬೇಳೆಸಾರು. ಇನ್ನು ಹೊಟ್ಟೇಲೇ ಬೇಳೆ ಮೊಳಕೆ ಒಡೆಯುತ್ತೆ. ಒಂದೇ ಒಂದು ಹೀರೇಕಾಯಿ ಕುಯ್ಕೊಳ್ಲಾ?'

'ಮೀಸಲು ಕಣೇ!'

'ಸಿಪ್ಪೆ ಚಟ್ನಿಗಾದ್ರೂ?'

'ಸಿಪ್ಪೇನೂ ಮೀಸಲು!'

ಆ ಮನೇಲಿ ಅವನ ಅಕ್ಕ ಒಬ್ಬಳಿದ್ಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೇಲೇ ಇದ್ಳು. ವಯಸ್ಸಾಗಿತ್ತು, ನಾಲಿಗೆಗೆ ಮಾತ್ರ ಆಗಿರಲಿಲ್ಲ. ಅವಳಿಗೆ ಮುಂದಿನ ತೋಟದಲ್ಲಿ ಜಾಗ ಇಲ್ಲ. ಹಿಂದೆ ಬಚ್ಚಲ ನೀರು ಹರಿಯೋ ಕಡೆ ಅವಳದ್ದೇ ಒಂದು ಮಡಿ. ಆರು ಬೆಂಡೆ ಗಿಡ, ಒಂದು ಬಸಳೆ, ಒಂದು ತೊಂಡೆ ಬಳ್ಳಿ, ಹಳೇ ಡಬ್ಬದಲ್ಲಿ ಒಂದು ಕನಕಾಂಬರ. ಅಷ್ಟೇ ಸಂಸ್ಥಾನ. ಬೆಳಿಗ್ಗೆ ಎದ್ದು ಬಗ್ಗಿ ಬಗ್ಗಿ ಏನೇನೋ ಕೀಳೋಳು, ಸೆರಗಲ್ಲಿ ಕಟ್ಕೊಂಡು ಬೀದಿಗೆ ಹೋಗೋಳು, ಬರಿಗೈಲಿ ವಾಪಸ್ ಬರೋಳು.

ಅವಳು ತಮ್ಮನ ಚಪ್ಪರದ ಕೆಳಗೆ ನಿಂತು ಹೇಳಿದ್ಳು, 'ಏನಪ್ಪಾ, ಇಷ್ಟೊಂದು ಅರಿಶಿನ ದಾರ? ಹೀರೇಕಾಯಿಗೆಲ್ಲ ಒಂದೇ ಮುಹೂರ್ತದಲ್ಲಿ ಮದುವೆ ಮಾಡಿದ್ಯಾ?'

'ನಿನಗೆ ಅರ್ಥ ಆಗಲ್ಲ ಅಕ್ಕಾ. ಇದು ದೇವರ ಕೆಲಸ.'

'ಹೌದಾ. ದೇವರಿಗೆ ಹೇಳಿದ್ಯಾ?'

ಇವನು ಪೈಪ್ ಎತ್ಕೊಂಡು ನೀರು ಬಿಡೋಕೆ ಹೋದ. ಮಟಮಟ ಮಧ್ಯಾಹ್ನ. ಎಲೆ ಮೇಲೆ, ಹೂವಿನ ಮೇಲೆ ಚಿಮುಕಿಸಿದ. ನೆಲ ಒಂದು ಬೆರಳಷ್ಟು ಒದ್ದೆ ಆಯ್ತು, ಬೇರಿಗೆ ಸುದ್ದೀನೇ ಮುಟ್ಟಲಿಲ್ಲ. ಆದ್ರೆ ದಾರೀಲಿ ಹೋಗೋರಿಗೆ ಗಿಡ ಫಳಫಳ ಹೊಳೀತಿತ್ತು. ಅವನಿಗೆ ಬೇಕಾಗಿದ್ದಿದ್ದೂ ಅಷ್ಟೇ.

ಆಮೇಲೆ ಏನಾಯ್ತು? ಪೂಜೆಗೆ ಇನ್ನು ಹನ್ನೆರಡು ದಿನ. ಸಾಹುಕಾರ ಬೆಳಿಗ್ಗೆ ಎದ್ದು ಚಪ್ಪರದ ಕೆಳಗೆ ನಿಂತ. ನಿಂತವನು ಹಾಗೇ ನಿಂತ. ದಾರ ಕಟ್ಟಿದ್ದ ಹೀರೇಕಾಯಿ ಒನಕೆ ಆಗಿತ್ತು. ಬೆಂಡೇಕಾಯಿ ಎಷ್ಟು ಬಲಿತಿತ್ತು ಅಂದ್ರೆ ಎಸೆದಿದ್ರೆ ನಾಯಿಗೆ ಏಟಾಗ್ತಿತ್ತು. ಬದನೆ ಹಳದಿ ಬಣ್ಣಕ್ಕೆ ತಿರುಗಿ ಒಳಗೆಲ್ಲ ಬೀಜ. ಎಳೆಸೌತೇಲಿ 'ಎಳೆ' ಹೋಗಿ ಬರೀ ಸೌತೆ ಉಳಿದಿತ್ತು, ಅದೂ ಕಹಿ. ಮೀಸಲಿಗೆ ಮೀಸೆ ಬಂದಿತ್ತು ಸ್ವಾಮಿ! ಸರಿ, ಇವು ಹೋಗ್ಲಿ, ಹೊಸ ಪಿಂದೆ, ಎಳೇ ಮಿಡಿ, ಎಲ್ಲಿ ಅಂತ ಎಲೆ ಸರಿಸಿ ನೋಡ್ತಾನೆ. ಇಲ್ಲ. ಹೂವೇ ಇಲ್ಲ. ಎಂಟು ಬಳ್ಳೀಲಿ ಒಂದು ಹೆಣ್ಣು ಹೂ ಇಲ್ಲ. ಚೆಂಡುಹೂ ಎಲ್ಲ ಕಂದು ಮುದ್ದೆ. ಕನಕಾಂಬರ ಒಣಗಿ ಕಡ್ಡಿ. ಕೆಳಗಿನ ಎಲೆಗಳು ಹಳದಿ.

ಊರ ಮುಂದೆ ಎದ್ದು ನಿಂತು ಆಡಿದ ಮಾತು. ನಲವತ್ತು ಎಲೆ ಹಾಕಿ, ಆ ಎಲೆ ಮೇಲೆ ಏನು ಬಡಿಸ್ತಾನೆ? ಚಪ್ಪಾಳೆ ಬಡಿಸ್ತಾನಾ?

ಇನ್ನಷ್ಟು ಗೊಬ್ಬರ ಸುರಿದ. ಇನ್ನಷ್ಟು ನೀರು ಬಿಟ್ಟ. ಏನೂ ಆಗಲಿಲ್ಲ. ಕಡೆಗೆ ಬೇರೆ ದಾರಿ ಕಾಣದೆ ಮನೆ ಸುತ್ತು ಹಾಕಿ ಬಚ್ಚಲ ಹಿಂದಕ್ಕೆ ಹೋದ. ಅಲ್ಲಿ ನೋಡಿದ್ರೆ! ಅಕ್ಕನ ಆರು ಬೆಂಡೆ ಗಿಡದಲ್ಲೂ ಹೂವು. ಡಬ್ಬದ ಕನಕಾಂಬರ ಬುಡದಿಂದ ತುದಿವರೆಗೂ ಕೇಸರಿ. ಅಕ್ಕ ಕುಕ್ಕರಗಾಲಲ್ಲಿ ಕೂತು ಬುಡಕ್ಕೆ ಒಣ ತರಗೆಲೆ ಹರಡ್ತಾ ಇದ್ಳು.

'ಅಕ್ಕಾ, ನೀನು ಏನು ಗೊಬ್ಬರ ಹಾಕ್ತೀಯ?'

'ಗೊಬ್ಬರ ಏನಿಲ್ಲಪ್ಪ. ದಿನಾ ಕುಯ್ತೀನಿ.'

'ಕುಯ್ದ್ರೆ ಖಾಲಿ ಆಗಲ್ವಾ?'

ಅಕ್ಕ ನಕ್ಕಳು. 'ಅಷ್ಟು ದೊಡ್ಡ ಮೀಸೆ ಬಿಟ್ಟಿದ್ದೀಯ, ಇಷ್ಟು ಗೊತ್ತಿಲ್ವಾ? ಗಿಡಕ್ಕೆ ಬೇಕಾಗಿರೋದು ಬೀಜ. ಒಂದು ಕಾಯಿ ಬಲಿತು ಬೀಜ ಆಯ್ತು ಅಂದ್ರೆ, ಸದ್ಯ ನನ್ನ ಕೆಲಸ ಮುಗೀತು ಅಂತ ಗಿಡ ಕಾಲು ಚಾಚುತ್ತೆ. ಎಳೇದ್ರಲ್ಲೇ ಕುಯ್ದುಬಿಟ್ರೆ, ಅಯ್ಯೋ ಇನ್ನೂ ಆಗಿಲ್ವಲ್ಲ ಅಂತ ಇನ್ನೊಂದು ಹೂ ಬಿಡುತ್ತೆ. ಹೂವಿನ ಗಿಡಾನೂ ಅಷ್ಟೇ. ನೀನು ದಾರ ಕಟ್ಟಿ ಕಟ್ಟಿ ಅಷ್ಟೂ ಗಿಡಕ್ಕೆ ಪೆನ್ಷನ್ ಕೊಟ್ಟಿದ್ದೀಯ.'

ಕೇಳಿಸ್ತಾ? ಇಡೀ ತೋಟಕ್ಕೆ ಪೆನ್ಷನ್!

'ಹಾಗಾದ್ರೆ ಈಗ ಏನು ಮಾಡ್ಲಿ?'

'ದಾರ ಕಟ್ಟಿರೋದೆಲ್ಲ ಕತ್ತರಿಸಿ ಕೆಳಗೆ ಹಾಕು. ಇವತ್ತೇ.'

'ದೇವರ ಮೀಸಲು ಅಕ್ಕಾ! ಕುಯ್ದ್ರೆ ದೋಷ ಬರಲ್ವಾ? ನನಗೆ ಹೆಂಡ್ತಿ ಮಕ್ಕಳು ಇದ್ದಾರೆ.'

ಆಗ ಆ ತಾಯಿ ಒಂದು ಮಾತು ಹೇಳಿದ್ಳು. ಇದನ್ನ ಕಿವಿಗೊಟ್ಟು ಕೇಳಿ. ಪುಟ್ಟಗೌರಮ್ಮೋರೇ, ಆ ಬೀಸಣಿಗೆ ಒಂದು ನಿಮಿಷ ನಿಲ್ಸಿ, ಇದನ್ನ ಕೇಳಿ.

'ಮೀಸಲು ಅಂದ್ರೆ ಮೊದಲು ಕೊಡೋದು ಕಣೋ. ಕೊನೇವರೆಗೂ ಇಟ್ಕೊಳ್ಳೋದಲ್ಲ. ಅಪ್ಪ ಏನು ಮಾಡ್ತಿದ್ರು? ಮೊದಲನೇ ಕಾಯಿಗೆ ಸಾಯಂಕಾಲ ದಾರ ಕಟ್ಟೋರು, ಬೆಳಿಗ್ಗೆ ಕುಯ್ಯೋರು, ದೇವರ ಮುಂದೆ ಇಟ್ಟು ಅವತ್ತೇ ನಾಲ್ಕು ಜನಕ್ಕೆ ಹುಳಿ ಮಾಡಿ ಹಾಕೋರು. ದೇವರಿಗೆ ಎಳೇದು ಕೊಡ್ತಿದ್ರು. ನೀನು ನಾರು ಕೊಡೋಕೆ ಹೊರಟಿದ್ದೀಯ. ದಾರ ಕಟ್ಟಿದ್ದು ದೇವರ ಹೆಸರಲ್ಲಿ, ಕಾಯ್ತಾ ಇದ್ದಿದ್ದು ನಿನ್ನ ಹೆಸರಿಗೆ.'

ಸಾಹುಕಾರ ಒಳಗೆ ಹೋದ, ಕುಡುಗೋಲು ತಂದ. ಬಿಸಿಲು ಏರೋ ಹೊತ್ತಿಗೆ ಅಂಗಳದಲ್ಲಿ ರಾಶಿ ಬಿದ್ದಿತ್ತು. ಒಂದನ್ನ ದೇವರ ಮುಂದೆ ಇಟ್ಟು, 'ತಪ್ಪಾಯ್ತು, ಬಲಿತು ನಾರಾಗಿದ್ದು ತಂದಿದ್ದೀನಿ' ಅಂತ ಅಡ್ಡ ಬಿದ್ದ. ಉಳಿದಿದ್ದು ಬೀಜಕ್ಕೆ, ಹಸುಗೆ, ಮೈ ಉಜ್ಜೋ ನಾರಿಗೆ ಹೋಯ್ತು.

ಅವತ್ತಿಂದ ಅಕ್ಕ ಯಜಮಾನಿ, ತಮ್ಮ ಆಳು. ಸೂರ್ಯ ಮೂಡೋಕೆ ಮುಂಚೆ ಎಬ್ಬಿಸೋಳು. 'ಎಲೆಗೆ ಸ್ನಾನ ಮಾಡಿಸ್ಬೇಡ, ಬೇರಿಗೆ ಕುಡಿಸು!' ಪ್ರತಿ ಬುಡಕ್ಕೂ ಪಾತಿ ಮಾಡಿ ನಿಧಾನಕ್ಕೆ ನೀರು ಇಂಗಿಸಿದ. ಕಳೆ ಕಿತ್ತ. ತರಗು, ತೆಂಗಿನ ನಾರು ತಂದು ಬುಡ ಮುಚ್ಚಿದ, ತೇವ ಆರದ ಹಾಗೆ. ಹಳದಿ ಎಲೆ ತೆಗೆದ, ಎಲೆ ತಿರುವಿ ತಿರುವಿ ಹುಳ ನೋಡಿದ, ಬೇವಿನ ಕಷಾಯ ಹೊಡೆದ. ಒಣಗಿದ ಚೆಂಡುಹೂ ಒಂದೊಂದೇ ಚಿವುಟಿದ. ಮೂರೇ ದಿನಕ್ಕೆ ಸಾಹುಕಾರನ ಅಂಗೈಲಿ ಬೊಬ್ಬೆ. ಬೆನ್ನು ಕಮಾನು. ಹೆಂಡ್ತಿ ಎಣ್ಣೆ ಹಚ್ಚುತ್ತಾ, 'ಬಿಡಿ ಅಂದ್ರೆ, ಯಾರಾದ್ರೂ ಆಳು ಇಡೋಣ' ಅಂದ್ಳು. 'ಇಲ್ಲ. ಬಾಯಿ ಬಿಟ್ಟಿದ್ದು ನಾನು, ಬೆನ್ನು ಬಗ್ಗಿಸೋದೂ ನಾನೇ' ಅಂದ.

ನಾಲ್ಕನೇ ಸಾಯಂಕಾಲ ಹೀರೆ ಬಳ್ಳೀಲಿ ಹಳದಿ ಹೂ ಅರಳಿತು. ಹಿಂದೆ ಪುಟ್ಟ ಪಿಂದೆ. ಹೆಣ್ಣು ಹೂ! ಅಕ್ಕ ಗಂಡು ಹೂ ಕಿತ್ತುಕೊಟ್ಟು, ಹೆಣ್ಣು ಹೂವಿಗೆ ಹೇಗೆ ಸವರಬೇಕು ಅಂತ ತೋರಿಸಿದ್ಳು. ಐವತ್ತೈದು ವರ್ಷದ ಸಾಹುಕಾರ ಬಳ್ಳಿ ಬಳ್ಳಿಗೂ ಹೋಗಿ ಮದುವೆ ಮಾಡಿಸ್ತಾ ಇದ್ದ. ಈ ಸಲ ನಿಜವಾದ ಮದುವೆ.

ಮಾರನೇ ದಿನ ನಾಲ್ಕು ಎಳೇ ಬೆಂಡೇಕಾಯಿ ಸಿಕ್ಕಿತು. ಬಟ್ಟೇಲಿ ಸುತ್ತಿ ಒಳಗೆ ಇಡೋಕೆ ಹೋದ.

'ಏನೋ ಅದು?'

'ಪೂಜೆಗೆ ಅಕ್ಕಾ.'

'ಎಂಟು ದಿನ ಇಟ್ರೆ ಅದು ಬೆಂಡೆ ಅಲ್ಲ, ಬೆಂಡು. ಕೊಟ್ಟು ಬಾ. ನಾಳೆ ಬಿಡೋದು ನಾಳೆಗೆ.'

ಎದುರು ಮನೆ ಬಾಗಿಲು ತಟ್ಟಿದ. ಅಲ್ಲೊಬ್ಬ ದರ್ಜಿ. ಅವನು ನಾಲ್ಕು ಬೆಂಡೇಕಾಯಿ ನೋಡಿದ, ಸಾಹುಕಾರನ ಮುಖ ನೋಡಿದ. 'ಏನು ಸಾಹುಕಾರ್ರೇ, ಎಲೆಕ್ಷನ್‌ಗೆ ನಿಂತಿದ್ದೀರಾ?'

ನಗಬೇಡಿ. ನಿಮ್ಮ ಕೈಲಿ ಬೆಂಡೇಕಾಯಿ ಕಂಡ್ರೂ ನಿಮ್ಮ ಬೀದಿಯೋರು ಹೀಗೇ ಕೇಳ್ತಾರೆ.

ದಿನಾ ಕುಯ್ದ, ದಿನಾ ಕೊಟ್ಟ. ನಾಲ್ಕು ಇದ್ದಿದ್ದು ಹತ್ತಾಯ್ತು, ಹತ್ತು ಒಂದು ಮೊರ ಆಯ್ತು. ಬದನೆ ಮಾತ್ರ ಏಳಲಿಲ್ಲ. ಹುರುಳಿಕಾಯಿ ಸಾಲು ಸತ್ತೇ ಹೋಯ್ತು. ಸೌತೇನೂ ಹೋಯ್ತು. ಎಲ್ಲಾ ಸರಿಹೋಯ್ತು ಅಂತ ಹೇಳಿದ್ರೆ ನಾನು ಸುಳ್ಳು ಹೇಳಿದ ಹಾಗಾಗುತ್ತೆ. ಹೀರೆ ಮತ್ತೆ ಬೆಂಡೆ, ಎರಡೇ ಉಳಿದಿದ್ದು.

ಪೂಜೆ ಹಿಂದಿನ ಸಾಯಂಕಾಲ. ಚಪ್ಪರದಲ್ಲಿ ಹದಿನೆಂಟು ಹೀರೇಕಾಯಿ. ಎಳೇವು, ಉಗುರು ತಾಗಿಸಿದ್ರೆ ನೀರು ಬರೋ ಅಂಥವು. ನಲವತ್ತು ಜನಕ್ಕೆ ಸರಿಯಾಗಿ ಆಗುತ್ತೆ, ಒಂದು ಕಮ್ಮಿ ಆದ್ರೂ ಕಷ್ಟ. ಆಗ ದರ್ಜಿಯ ತಾಯಿ ಗೇಟಿನ ಹತ್ರ ನಿಂತ್ಳು. 'ಸಾಹುಕಾರ್ರೇ, ಸೊಸೆಗೆ ಹೆರಿಗೆ ಆಗಿದೆ. ಬಾಣಂತಿಗೆ ಹೀರೇಕಾಯಿ ಕೊಡಬೇಕು. ಪೇಟೇಲಿ ಎಲ್ಲೂ ಎಳೇದು ಸಿಗಲಿಲ್ಲ. ನಾಳೆ ಪೂಜೆಗೆ ಬೇಕು ಅಂತ ಗೊತ್ತು, ಕೇಳಬಾರದು...'

ಸಾಹುಕಾರ ಚಪ್ಪರ ನೋಡಿದ. ಬಾಯಿತನಕ ಬಂತು ಆ ಹಳೇ ಮಾತು. ಯಾವ ಮಾತು? ಹೇಳಿ, ನೀವೇ ಹೇಳಿ. ಹೂಂ, 'ಮೀಸಲು'!

ಅಕ್ಕ ಜಗಲಿ ಮೇಲೆ ಕೂತು ಕನಕಾಂಬರ ಕಟ್ತಾ ಇದ್ಳು. ತಲೆ ಎತ್ತಲಿಲ್ಲ. ಕೊಡು ಅನ್ನಲಿಲ್ಲ, ಬೇಡ ಅನ್ನಲಿಲ್ಲ.

ಇವನು ಕುಡುಗೋಲು ತಗೊಂಡ. ನಾಲ್ಕು ಕುಯ್ದ. ಸೊಟ್ಟಗಿರೋದು, ಸಣ್ಣದು ಹುಡುಕಲಿಲ್ಲ. ಎಲ್ಲಕ್ಕಿಂತ ನೇರವಾಗಿ, ಎಲ್ಲಕ್ಕಿಂತ ಎಳೇದಾಗಿದ್ದ ನಾಲ್ಕು ಕುಯ್ದು ಆ ಹೆಂಗಸಿನ ಮಡಿಲಿಗೆ ಹಾಕಿದ. 'ನಾಡಿದ್ದು ಬನ್ನಿ ತಾಯಿ, ಇನ್ನೂ ಬಿಡುತ್ತೆ' ಅಂದ.

ಮಾರನೇ ದಿನ ಸ್ವಾಮಿಗಳು ಬಂದ್ರು. ಪಾದಪೂಜೆ ಆಯ್ತು, ಹೂವು ಸಾಕಾಯ್ತು. ಎಲೆ ಹಾಕಿದ್ರು. ಹಾಲು ಕೊಟ್ಟವನು ಎಲೆ ಮೇಲೆ ಕಣ್ಣಾಡಿಸಿ ಜೋರಾಗಿ ಕೇಳಿದ, 'ಐದು ಬಗೆ ಅಂದಿದ್ರಲ್ಲ ಸಾಹುಕಾರ್ರೇ! ಎಣಿಸಿದ್ರೆ ಎರಡಕ್ಕೇ ನಿಲ್ಲುತ್ತಲ್ಲ?'

ಸಾಹುಕಾರ ಕೈಲಿದ್ದ ಸೌಟು ಕೆಳಗಿಟ್ಟು, ಸ್ವಾಮಿಗಳ ಮುಂದೆ ಕೈ ಮುಗಿದ.

'ಎರಡೇ, ಬುದ್ಧಿ. ಹೀರೇಕಾಯಿ ಕೂಟು, ಬೆಂಡೇಕಾಯಿ ಪಲ್ಯ. ಪೇಟೇದು ಏನೂ ಇಲ್ಲ, ಆ ಮಾತು ಉಳಿಸ್ಕೊಂಡಿದ್ದೀನಿ. ಉಳಿದ ಮೂರು ಬಗೆ ನನ್ನ ಜಂಬ ತಿಂದುಹಾಕ್ತು.'

ಸ್ವಾಮಿಗಳು ಅವನ ಅಂಗೈಲಿದ್ದ ಬೊಬ್ಬೆ ನೋಡಿದ್ರು. 'ಎರಡು ಸಾಕು. ಬೇಗ ಬಡಿಸಿ, ಹಸಿವಾಗಿದೆ' ಅಂದ್ರು. ಅಷ್ಟೇ. ಕೊನೇ ಸಾಲಿಗೆ ಕೂಟು ಸ್ವಲ್ಪ ತೆಳ್ಳಗಾಯ್ತು, ಸಾಹುಕಾರ ಮಜ್ಜಿಗೆ ಅನ್ನ ಉಂಡ.

ಮಾರನೇ ದಿನ ಬೆಳಿಗ್ಗೆ ಅಕ್ಕ ಎದ್ದು ನೋಡ್ತಾಳೆ, ತಮ್ಮ ಆಗಲೇ ತೋಟದಲ್ಲಿ. ಕೈಲಿ ಮೊರ.

'ಇವತ್ತು ಯಾರು ಬರ್ತಾರೋ?'

'ಯಾರೂ ಬರಲ್ಲ ಅಕ್ಕಾ. ಬೆಂಡೇಕಾಯಿ ಬಂದಿದೆ.'

ಕಥೆ ಮುಗೀತು. ಈಗ ನಿಮ್ಮ ಸರದಿ.

ಸಾಹುಕಾರನನ್ನ ನೋಡಿ ಚೆನ್ನಾಗಿ ನಕ್ಕಿರಿ. ನಗಿ, ನಗೋಕೆ ತೆರಿಗೆ ಇಲ್ಲ. ಆದ್ರೆ ನಿಮ್ಮನೇಲಿ ಏನೇನಕ್ಕೆ ದಾರ ಕಟ್ಟಿದ್ದೀರಿ? ಸೋಫಾ ತಂದು ಐದು ವರ್ಷ ಆಯ್ತು, ಪ್ಲಾಸ್ಟಿಕ್ ಕವರ್ ತೆಗೆದಿದ್ದೀರಾ? ಕೂತ್ರೆ ಚರಚರ ಅನ್ನುತ್ತೆ, ಎದ್ರೆ ಬೆನ್ನಿಗೆ ಅಂಟ್ಕೊಂಡು ಬರುತ್ತೆ. ಯಾರಿಗೆ ಮೀಸಲು ಅದು? ಷೋಕೇಸಲ್ಲಿ ಹೂ ಹೂ ಇರೋ ಕಪ್ಪು, ಬಸಿ. ನೀವು ಕುಡಿಯೋದು ಅಂಚು ನೆಗ್ಗಿದ ಲೋಟದಲ್ಲಿ. ಬೀರುವಲ್ಲಿ ಸೀರೆ, ಮಡಿಕೇಲೇ ಹರೀತಾ ಇದೆ. 'ಯಾವುದಾದ್ರೂ ಒಳ್ಳೇ ದಿನ ಬರ್ಲಿ.' ಇವತ್ತಿಗೇನು ಕಡಿಮೆಯಾಗಿದೆ ಸ್ವಾಮಿ? ಇವತ್ತು ಏನು ತಪ್ಪು ಮಾಡಿತ್ತು?

ಅದು ಹೋಗ್ಲಿ, ಸೀರೆ ಸಾಮಾನಿನ ಮಾತು. ಇನ್ನೂ ಒಳಗೆ ಹೋಗೋಣ. ಒಳ್ಳೇ ಮಾತುಗಳನ್ನ ಎಲ್ಲಿ ಇಟ್ಟಿದ್ದೀರಿ? ಬೈಗುಳ ಎಲ್ಲ ಫ್ರೆಶ್, ದಿನಾ ಬೆಳಿಗ್ಗೆ ಕುಯ್ದು ಬಿಸಿಬಿಸಿ ಬಡಿಸ್ತೀರಿ. 'ಸಾರು ಚೆನ್ನಾಗಿದೆ ಕಣೇ' ಅನ್ನೋದು ಮಾತ್ರ ಮೀಸಲು! ತಮ್ಮನ ಹತ್ರ ಮಾತು ಬಿಟ್ಟು ಮೂರು ವರ್ಷ, 'ಹಬ್ಬಕ್ಕೆ ಬಂದಾಗ ಮಾತಾಡ್ತೀನಿ' ಅಂತ ಇಟ್ಟಿದ್ದೀರಿ. ಆ ಮಾತು ಬಲೀತಾ ಇದೆ. ನಾರಾಗ್ತಾ ಇದೆ. ನಾಳೆ ನೀವು ಅದನ್ನ ಕೊಡೋಕೆ ಹೋದಾಗ ಅದನ್ನ ಅಗಿಯೋಕೆ ಯಾರಿಗೂ ಆಗಲ್ಲ.

ಹಾಗಾದ್ರೆ ಏನು ಮಾಡಬೇಕು? ಹಿಮಾಲಯಕ್ಕೆ ಹೋಗಬೇಡಿ, ಈ ಸೆಕೆಗೆ ರೈಲಲ್ಲಿ ಸೀಟೂ ಸಿಗಲ್ಲ. ನಾಳೆ ಬೆಳಿಗ್ಗೆ ಬಿಸಿಲು ಏರೋಕೆ ಮುಂಚೆ ಏಳಿ. ತೋಟ ಇದ್ರೆ ತೋಟಕ್ಕೆ, ಇಲ್ದಿದ್ರೆ ಮೆಟ್ಟಿಲ ಮೇಲಿರೋ ಕುಂಡದ ಹತ್ರ ಹೋಗಿ. ಬುಡಕ್ಕೆ ನೀರು ಹಾಕಿ. ಒಣಗಿದ ಹೂ ಚಿವುಟಿ. ಎಳೇದು ಏನಿದ್ರೂ ಕುಯ್ದು, ಅವತ್ತೇ ಒಂದು ಪಾಲು ಗೋಡೆ ಆಚೆಗೆ ಕೊಡಿ. ನಾಲ್ಕು ಮೆಣಸಿನಕಾಯಿ ಆದ್ರೂ ಸರಿ, ಒಂದು ಎಸಳು ಕರಿಬೇವಾದ್ರೂ ಸರಿ. ಸಂಜೆಗೆ ಕೊಡ್ತೀನಿ ಅನ್ನಬೇಡಿ. ಜಾಸ್ತಿ ಆದ್ಮೇಲೆ ಕೊಡ್ತೀನಿ ಅನ್ನಬೇಡಿ. ಜಾಸ್ತಿ ಆಗೋದೇ ಕೊಟ್ಟ ಮೇಲೆ.

ಇನ್ನು ಮಾತು. ಅದಕ್ಕೆ ನಾಳೆವರೆಗೂ ಕಾಯೋದು ಬೇಡ. ನಿಮ್ಮ ಎಡಗಡೆ ಒಬ್ಬರು ಕೂತಿದ್ದಾರೆ, ಬಲಗಡೆ ಒಬ್ಬರು ಕೂತಿದ್ದಾರೆ. ಹೆಂಡ್ತಿ ಇರಬಹುದು, ಓರಗಿತ್ತಿ ಇರಬಹುದು, ಕಾಂಪೌಂಡು ವಿಷಯಕ್ಕೆ ಜಗಳ ಆಡಿದ ಪಕ್ಕದ ಮನೆಯೋರೇ ಇರಬಹುದು. ತಿರುಗಿ ಅವರ ಕಡೆಗೆ. ಒಂದು ಒಳ್ಳೇ ಮಾತು ಆಡಿ. ಮಂಗಳಾರತಿ ತಟ್ಟೆ ಇಲ್ಲೇ ಇದೆ, ಕರ್ಪೂರಾನೂ ಇದೆ. ನಾನು ಹಚ್ಚಲ್ಲ. ನಿಮ್ಮ ದನಿ ಕೇಳೋವರೆಗೂ ಹಚ್ಚಲ್ಲ.

ಮೂರನೇ ಸಾಲಿನ ಯಜಮಾನ್ರೇ, ಗೋಡೆ ಏನು ನೋಡ್ತೀರಿ? ಪಕ್ಕದಲ್ಲಿ ನಿಮ್ಮ ಮನೆಯೋರೇ ಕೂತಿದ್ದಾರೆ. ಹೂಂ, ಶುರು ಮಾಡಿ.